ನಕಾಶೆ ಒಪ್ಪದ ತುಂಬೆ ಗಿಡ

ಒಣಸಸ್ಯ ಸಂಗ್ರಹಾಲಯದ ಮಾನ್ಯ ಮೇಲಧಿಕಾರಿಗಳೇ,

ಕೈಯಲ್ಲಿ ಹಿಡಿದ ಗಿಡವನ್ನೇ ಇಲ್ಲವೆಂದು ಸಾಧಿಸುವ ವಿದ್ಯೆಯನ್ನು ತಮ್ಮ ಕಚೇರಿ ಎಲ್ಲಿ ಕಲಿತಿತು? ಖರಾಡಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ದಿಬ್ಬದಿಂದ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ ತಂದ ತುಂಬೆಯನ್ನು ತಾವು ಎರಡು ಸಲ ವಾಪಸು ಕಳಿಸಿದ್ದೀರಿ. ತುಳಸಿ, ಪುದೀನಗಳ ಬಳಗದ ಈ ಗಿಡ ಮಾಮೂಲಿ ತುಂಬೆಯಂತೆ ಕಂಡರೂ ಇದರ ಎಲೆ ಬೇರೆ, ವಾಸನೆ ಬೇರೆ. ರಜೆ ಸಿಕ್ಕಾಗಲೆಲ್ಲ ಗುಡ್ಡ ಸುತ್ತುವ ನಾನು ಇದನ್ನು ಇನ್ನೆಲ್ಲೂ ಕಂಡಿಲ್ಲ. ಏನೆಂದು ಹೇಳಬೇಕಾದವರು ತಾವು. ಬರುವ ಸೋಮವಾರ ಆ ದಿಬ್ಬಕ್ಕೆ ಜೆಸಿಬಿ ಬರುತ್ತದೆ.

ಮೊದಲ ಸಲ ಹೂವಿಲ್ಲವೆಂದು ಕಳಿಸಿದಿರಿ, ಅದು ನಿಜ. ಗಿಡ ಒತ್ತುವ ಹಲಗೆ ನನ್ನಲ್ಲಿಲ್ಲ. ಪೇಪರಿನ ನಡುವೆ ಇಟ್ಟು ಅತ್ತೆಯವರ ಗಾದಿಯ ಕೆಳಗೆ ತಳ್ಳುತ್ತೇನೆ. ಅವರ ತೂಕ ವಿಜ್ಞಾನಕ್ಕೆ ಬಹಳ ಅನುಕೂಲ. ಶ್ರಾವಣ ಸೋಮವಾರ ಗಾದಿ ಝಾಡಿಸಿದ ಅತ್ತೆ ತಿಪ್ಪವ್ವ ಕೂಗಿಕೊಂಡರು: "ಏ ಶಿವಕಾಂತಾ, ಇದು ಶಿವನ ಹೂ ಅದ! ಇಷ್ಟ್ ದಿನ ನಾ ಇದರ ಮ್ಯಾಲ ಮಲಗೀನೇನ?" ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೂವೆಲ್ಲ ಲಿಂಗದ ತಲೆಯ ಮೇಲಿತ್ತು. ಇನ್ನೊಂದು ಗಿಡ ತಂದಾಗ, "ಒಂದ್ ಹೂ ಶಿವಗ, ಉಳಿದದ್ದು ಸರ್ಕಾರಕ್ಕ" ಎಂದು ಅವರೇ ಪಂಚಾಯಿತಿ ಮಾಡಿದರು. ಗಾದಿಯ ಬದಲು ಜೋಳದ ಹಿಟ್ಟಿನ ಡಬ್ಬಿ ಹೇರಿದೆವು.

ಶಿವ ಒಪ್ಪಿದ. ತಮ್ಮ ಕಂಪ್ಯೂಟರ್ ಒಪ್ಪಲಿಲ್ಲ. ಗುಮಾಸ್ತ ಬಾಳು ಅವರು ಜಾಗದ ಹೆಸರು ಒತ್ತಿ ನೋಡಿ, ಮರಾಠಿಯಲ್ಲಿ "ಮ್ಯಾಡಮ್, ತಿಥೆ ತರ್ ಪಾರ್ಕಿಂಗ್ ಆಹೆ" ಎಂದರು. ಅಲ್ಲಿ ಪಾರ್ಕಿಂಗ್ ಇದೆಯಂತೆ! ಅದು ಇನ್ನೂ ಆಗಬೇಕಷ್ಟೆ ಎಂದೆ. ನಕಾಶೆಯಲ್ಲಿ ಆಗಿಹೋಗಿದೆ, ಕಾಂಕ್ರೀಟಿನಲ್ಲಿ ತುಂಬೆ ಬೆಳೆಯುವುದಿಲ್ಲ, ಆದ್ದರಿಂದ ಇದು ಅಲ್ಲಿಯದಲ್ಲ ಎಂದರು. ತಾವಂತೂ ಇನ್ನೂ ಉದಾರಿಗಳು: ಚೀಟಿಯಲ್ಲಿ ಚಾಕಣ ಎಂದು ಬರೆದುಬಿಡಿ, ಕಂಪ್ಯೂಟರ್ ತಗೊಳ್ಳುತ್ತದೆ ಎಂದಿರಿ. ಸಿಕ್ಕ ಜಾಗವನ್ನೇ ಸುಳ್ಳು ಬರೆದ ಮೇಲೆ ಆ ಹಾಳೆ ಕಸವಲ್ಲದೆ ಮತ್ತೇನು? ನಾಳೆ ಇದನ್ನು ಹುಡುಕುವವರು ಚಾಕಣದ ಕಾರು ಕಾರ್ಖಾನೆಗಳ ಸುತ್ತ ಬಗ್ಗಿ ಬಗ್ಗಿ ನೋಡಬೇಕೇ? ಜೆಸಿಬಿ ಬಂದ ಮೇಲೆ ತಮ್ಮ ನಕಾಶೆಯೇ ನಿಜವಾಗುತ್ತದೆ. ತೋರಿಸಲು ಇನ್ನೊಂದು ಗಿಡ ಇರುವುದಿಲ್ಲ. ನನಗೆ ಸಿಟ್ಟು ಬಂದಿದೆ. ಅದಕ್ಕಿಂತ ಹೆಚ್ಚಾಗಿ ಸಂಕಟ.

ಆದ್ದರಿಂದ ಭಾನುವಾರದೊಳಗೆ ತಾವೇ ದಿಬ್ಬ ಹತ್ತಿ ಬನ್ನಿ, ಕಣ್ಣಾರೆ ನೋಡಿ, ಇದ್ದ ಜಾಗದ ಹೆಸರಿನಲ್ಲೇ ದಾಖಲಿಸಿಕೊಳ್ಳಿ. ಆಗದಿದ್ದರೆ ತಮ್ಮ ನಕಾಶೆಯನ್ನು ನಾನೂ ನಂಬುತ್ತೇನೆ. ಅಲ್ಲಿರುವುದು ಪಾರ್ಕಿಂಗ್ ತಾನೆ? ಹಾಗಾದರೆ ನನ್ನದೊಂದು ಗಾಡಿ ಅಲ್ಲಿ ನಿಂತಿದೆ: ಬಿಳಿ ಬಣ್ಣ, ಮೊಣಕಾಲೆತ್ತರ, ಹಾರ್ನ್ ಇಲ್ಲ, ಹೊಗೆ ಇಲ್ಲ. ಅದಕ್ಕೊಂದು ಪಾಸ್ ಮಾಡಿಸಿಕೊಡಿ. ಪಾಸ್ ಇದ್ದದ್ದನ್ನು ಈ ಊರಿನಲ್ಲಿ ಯಾರೂ ಎಬ್ಬಿಸುವುದಿಲ್ಲ.

ಇಂತಿ,
ತಮ್ಮ ನಕಾಶೆಯ ಪ್ರಕಾರ ಕಾಂಕ್ರೀಟಿನಿಂದ ಹೂ ಕಿತ್ತ
ಶಿವಕಾಂತಾ