ದೋಸೆಯ ಟೋಕನ್

ಅಪ್ಪಾ,

ಬೈಯಬೇಡಿ. ನಿಮ್ಮ ಫಿಯೆಟ್‌ನ ಕಿಡಿ ಹೊತ್ತಿಸುವ ಸವೆದ ಪಾಯಿಂಟ್ ಕಿತ್ತು, ವಿಡಿಯೋ ನೋಡಿಕೊಂಡು ನಾನೇ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದೆ. ಗಾಡಿ ಸ್ಟಾರ್ಟೇ ಆಗಲಿಲ್ಲ.

ಇವತ್ತು ಫರೀದಾಬಾದಿನಿಂದ ನಿಮ್ಮ ಹಳೆಯ ಮೆಕ್ಯಾನಿಕ್ ಹರ್‌ಪಾಲ್ ಬಂದರು. ವೈರುಗಳನ್ನೆಲ್ಲ ನೋಡಿ, ಕೊನೆಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಒಳಗೆ ತಿರುಗುವ ಆಯಸ್ಕಾಂತಕ್ಕೂ ಸೆನ್ಸರಿಗೂ ನಡುವೆ ನಾನು ಜಾಸ್ತಿ ಅಂತರ ಬಿಟ್ಟಿದ್ದೆ. ಅಳೆಯಲು ಸ್ಟೀಲ್ ಪಟ್ಟಿ ತೂರಿಸಿದರೆ ಆಯಸ್ಕಾಂತ ಅದನ್ನೇ ಎಳೆದುಕೊಳ್ಳುತ್ತಿತ್ತು.

“ಬೇಟಿ, ಲೋಹಾ ನಹೀಂ ಚಲೇಗಾ. ಕೋಯಿ ಮೋಟಾ ಕಾಗಜ್ ದೋ” ಎಂದರು.

ಕಬ್ಬಿಣ ನಡೆಯಲ್ಲ, ದಪ್ಪ ಕಾಗದ ಬೇಕು ಎಂದಾಗ ನಮ್ಮ ಹೋಟೆಲಿನ ಮಸಾಲೆ ದೋಸೆಯ ರಟ್ಟಿನ ಟೋಕನ್ ನೆನಪಾಯಿತು. ಅದರಲ್ಲೇ ಅಲ್ಲವೇ ನೀವು ಪಾಯಿಂಟಿನ ಗ್ಯಾಪ್ ನೋಡುತ್ತಿದ್ದದ್ದು, ನಾನು ಗೆಳತಿಯರೆದುರು ಆಡಿಕೊಂಡು ನಗುತ್ತಿದ್ದದ್ದು? ಅದು ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಮಡಚಿ ಕೊಟ್ಟೆ. ಅವರು ಅದನ್ನು ನಡುವೆ ಇಟ್ಟು, ಸೆನ್ಸರನ್ನು ಅದಕ್ಕೆ ತಾಗುವಷ್ಟು ಹತ್ತಿರ ಸರಿಸಿ ಬಿಗಿದು, ಟೋಕನ್ ಎಳೆದು ತೆಗೆದರು. ಕೀ ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತು.

ಇನ್ನು ವರ್ಷಗಟ್ಟಲೆ ಇದನ್ನು ಬಿಚ್ಚಬೇಕಿಲ್ಲವಂತೆ.

ನೀವಿದ್ದಾಗ ಭಾನುವಾರ ಬೆಳಗ್ಗೆ ಪಾಯಿಂಟ್ ಸರಿಮಾಡಲು ಬಾನೆಟ್ ಎತ್ತಿ, “ಮಗಾ, ಸ್ವಲ್ಪ ಟಾರ್ಚ್ ಹಿಡಿ ಬಾ” ಎಂದು ಕರೆದಾಗಲೆಲ್ಲ ನಾನು ಮುಸುಕೆಳೆದು ಮಲಗಿರುತ್ತಿದ್ದೆ. ನಿದ್ದೆ ಬಂದಿರುತ್ತಿರಲಿಲ್ಲ ಅಪ್ಪಾ.

ನಾಳೆ ಭಾನುವಾರ. ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.

ನಿಮ್ಮ
ರಶ್ಮಿತಾ