ಒಂದು ಮೈಯ ಮಸಿ

ಅಳದಂಗಡಿ, ಮಾರ್ಚ್ ೧೯೮೧

ಪ್ರಿಯ ಕೇಶವ,

ನಿನ್ನ ಹೊಸ ವಿಳಾಸವನ್ನು ನೀನು ಊರಲ್ಲಿ ಯಾರಿಗೂ ಕೊಟ್ಟಿಲ್ಲವಾದ್ದರಿಂದ, ಈ ಕಾಗದ ನಿನಗೆ ತಲುಪೀತೆಂಬ ಭಯವಿಲ್ಲದೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಡಂತ್ಯಾರಿನ ಇಗರ್ಜಿಯಲ್ಲಿ ಗಿಟಾರು ನೋಡಿ ಬಂದು, ನಾವೇ ಒಂದು ಮಾಡುವುದೆಂದು ಹೊರಟಾಗ, ಅದರ ಕುತ್ತಿಗೆಗೆಂದು ನೀನು ಹಲಸಿನ ಹಲಗೆ ಕೊಟ್ಟಿದ್ದೆಯಲ್ಲ? ನಮ್ಮ ಒಲೆಯ ಮೇಲಿನ ಅಟ್ಟದಲ್ಲಿ ವರ್ಷವಿಡೀ ಒಣಗಿ ಅದು ಬಾಳೆಹಣ್ಣಿನ ಹಾಗೆ ಬಾಗಿತು. ನಾನು ಸುಮ್ಮನಿರುವ ಜನವೇ? ನೀನು ಕೊಟ್ಟದ್ದೇ ಹಸಿಮರವೆಂದು, ಪತ್ರಿಕೆಯ ನನ್ನ ಹಾಸ್ಯ ಅಂಕಣದಲ್ಲಿ ನಿನಗೆ ‘ಹಸಿಮರದ ಮಾಷ್ಟ್ರು’ ಎಂಬ ಬಿರುದು ದಯಪಾಲಿಸಿದೆ. ಊರಿಗೆ ಊರೇ ನಕ್ಕಿತು. ನಿನ್ನ ತರಗತಿಯ ಮಕ್ಕಳೂ ಹಾಗೆಯೇ ಕರೆಯತೊಡಗಿದರು. ನೀನು ಘಟ್ಟದ ಮೇಲಕ್ಕೆ ವರ್ಗ ಮಾಡಿಸಿಕೊಂಡೆ.

ಇವತ್ತು ಬೆಳಿಗ್ಗೆ ಬಾಗಿಲು ರಿಪೇರಿಗೆ ಬಂದ ಸೇಸಪ್ಪ ಆಚಾರಿ ಆ ಹಲಗೆಯನ್ನು ಕೆಳಗಿಳಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ.

“ಮರ ಒಳ್ಳೇದೇ ಉಂಟು ಭಟ್ರೇ. ಆದ್ರೆ ಒಂದು ಮೈ ಪೂರ್ತಿ ಮಸಿ, ಇನ್ನೊಂದು ಮೈ ಮದುಮಗಳ ಹಾಗೆ! ವಾರಕ್ಕೊಮ್ಮೆ ಮಗುಚಿ ಹಾಕ್ಬೇಕು ಅಂತ ಯಾರೂ ಹೇಳ್ಲಿಲ್ವಾ?”

“ಹೇಳಿದ್ದ” ಎಂದೆ, ನಿನ್ನ ಹೆಸರೆತ್ತದೆ.

“ಮತ್ತೆ?”

“ಅಟ್ಟ ಹತ್ತಬೇಕಲ್ಲ ಮಾರಾಯ.”

ನನ್ನ ಅಂಕಣ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಸೇಸಪ್ಪನೂ ಒಬ್ಬ. ಈಗ ನಗಲಿಲ್ಲ. “ಇನ್ನಾದ್ರೂ ಮಗುಚಿ ಹಾಕಿ. ಪೂರ್ತಿ ನೇರ ಆಗ್ಲಿಕ್ಕಿಲ್ಲ, ಆದಷ್ಟು ಆಗ್ಲಿ” ಎಂದು ಬಾಗಿಲ ಕಡೆ ಹೋದ.

ವಾರಕ್ಕೊಮ್ಮೆ ಮಗುಚಿದರೆ ಸಾಕಂತೆ. ಮಧ್ಯಾಹ್ನದ ಊಟಕ್ಕೆ ಮೊದಲೇ ನಾಲ್ಕು ಸಲ ಅಟ್ಟ ಹತ್ತಿ ಇಳಿದೆ, ಕೇಶವ.