ಮುದುಕಿಯ ಅಳತೆಗೆ ಕವಚ

ಮಾರ್ಚ್ ೧೪, ಗುರುವಾರ

ನಾಲ್ಕು ದಿನದಿಂದ ನನ್ನ ತಲೆ ತಿನ್ನುತ್ತಿದ್ದ ಮುದುಕಿ ಇವತ್ತು ಸರಿಹೋದಳು. ನಮ್ಮ ಆಫೀಸಿನಲ್ಲಿ ಮಾಡುತ್ತಿರುವ ಕಂಪ್ಯೂಟರ್ ಗೇಮಿನಲ್ಲಿ ಕೋಟೆ ಕಾಯುವವಳು. ಹಳೆಯ ಅಂಗಿಯಲ್ಲಿ ಬೆನ್ನು ಬಾಗಿದ ಅಜ್ಜಿ. ಕವಚ ತೊಡಿಸಿದರೆ ಸಾಕು, ಇಪ್ಪತ್ತರ ಹುಡುಗಿಯ ಹಾಗೆ ಸೆಟೆದು ನಿಲ್ಲುತ್ತಿದ್ದಳು. ಎಲ್ಲ ಕವಚಗಳನ್ನೂ ಒಂದೇ ಹರೆಯದ ಮೈಯ ಅಳತೆಗೆ ಮಾಡಿಟ್ಟವಳು ನಾನೇ.

ಬೆಳಿಗ್ಗೆ ಅಮ್ಮ ಹೊಲಿಗೆ ಮಷಿನ್ ಬಿಟ್ಟೆದ್ದು ಬಂದು ನನ್ನ ಪರದೆಗೆ ಇಣುಕಿದಳು.

"ಅಲ್ಲ ಕಣೇ, ಇವಳ ಗೂನು ಎಲ್ಲಿ ಹೋಯ್ತು?"

"ಕವಚ ಹಾಕಿದ್ರೆ ಹಾಗೇ ಅಮ್ಮಾ."

"ಯಾರದ್ದೋ ಅಳತೆಗೆ ಹೊಲಿದು ಇವಳಿಗೆ ತೊಡಿಸಿದ್ದೀಯ. ನನ್ನ ಬೆನ್ನಿಗೆ ಟೇಪ್ ಹಿಡಿದು ನೋಡು."

ಹಿಡಿದೆ. ಬಲ ಭುಜ ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಮಷಿನ್ ಮುಂದೆ ಬಗ್ಗಿದ ಬೆನ್ನು. ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅದೇ ಅಳತೆಗೆ ಕವಚವನ್ನು ಬಗ್ಗಿಸಿದೆ. ಸಂಜೆ ಆಫೀಸಿನಲ್ಲಿ ಬಾಸ್ ಸುಮಾರು ಹೊತ್ತು ನೋಡಿದರು. "ಈಗ ಇವಳನ್ನ ಕಂಡ್ರೆ ಭಯ ಆಗುತ್ತೆ ಕಣ್ರೀ. ಈ ವಯಸ್ಸಲ್ಲೂ ಜಾಗ ಬಿಟ್ಟು ಕದಲಲ್ಲ ಅನ್ನೋ ಹಾಗಿದ್ದಾಳೆ," ಅಂದರು.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಹಿಗ್ಗಿದ್ದನ್ನು ತೋರಿಸಿಕೊಳ್ಳದೆ ಕೇಳಿದಳು, "ಕತ್ತಿ ಕೊಟ್ಟಿದ್ದೀಯಾ ಅವಳಿಗೆ?"

"ಕೊಟ್ಟಿದ್ದೀನಿ."

"ದೊಡ್ಡದು ಕೊಡು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬರೆಯುತ್ತಿದ್ದ ಹಾಗೇ ನಿದ್ದೆಗೆ ಕಣ್ಣು ಎಳೆಯುತ್ತಿದೆ. ಕತ್ತಿಯನ್ನು ಇನ್ನೊಂದು ಗೇಣು ಉದ್ದ ಮಾಡಬಹುದು, ಆದರೆ ಆಗ ಒರೆ ನೆಲಕ್ಕೆ ತಾಗುತ್ತದೆ, ಸೊಂಟಪಟ್ಟಿಯನ್ನು ಸ್ವಲ್ಪ ಮೇಲೆ…